ಅಮ್ಮ ಬಂದ ಮನೆಯಲ್ಲಿ ಅಳಬಾರದು

ಬೆಟ್ಟಮ್ಮ ಕೂಸಿನ ಅಂಗಿಯ ಎಡತೋಳನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು. ಹೊಲಿಗೆ ಬಿಗಿಯಾಗಿತ್ತು. ಮೊದಲು ದಾರ ಕಿತ್ತು ಬಂತು, ಆಮೇಲೆ ಬಟ್ಟೆ. ಕೂಸು ಬೆಚ್ಚಿ ಬಾಯಿ ತೆರೆಯಿತು. ಅದು ಅಳುವ ಮೊದಲೇ ಅವಳು ಮೊಲೆ ಕೊಟ್ಟು, ಬರಿದಾದ ಪುಟ್ಟ ತೋಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಯಾರೂ ಮುಟ್ಬ್ಯಾಡಿ," ಎಂದಳು. ಯಾರೂ ಮುಟ್ಟಿರಲಿಲ್ಲ.

ಹೊರಗೆ ಬಿದಿರು ಸೀಳುವ ಸದ್ದು. ಜಗಲಿಯ ಮೇಲೆ ಅವಳ ಅಪ್ಪ ದೊಡ್ಡಸಿದ್ದಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿ, ಗದ್ದಕ್ಕೂ ತಲೆಗೂ ಸೇರಿಸಿ ಬಿಳಿ ಬಟ್ಟೆ ಕಟ್ಟಿದ್ದರು. ಬಾಯಿ ನೋವಿಗೆ ಪಟ್ಟಿ ಕಟ್ಟಿಕೊಂಡು ಯಾರೊಂದಿಗೋ ಮುನಿಸಿಕೊಂಡವನಂತೆ ಕಾಣುತ್ತಿದ್ದ.

ದೇವಿರಮ್ಮ ಒಳಗೆ ಬಂದಳು. ಸತ್ತವನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಾಯಿಯಿಲ್ಲದ ಬೆಟ್ಟಮ್ಮನನ್ನೂ ಅವಳ ಅಣ್ಣ ಪುಟ್ಟರಾಜುವನ್ನೂ ಸಾಕಿದವಳು. ಮದ್ದೂರು ಕಡೆಯ ಕೊಪ್ಪದ ಸುತ್ತಿನ ಯಾವ ಊರಿನಲ್ಲಿ ಸಾವಾದರೂ ಅವಳಿಗೆ ಹೇಳಿಕಳಿಸುತ್ತಿದ್ದರು. ಸತ್ತವರನ್ನು ಹಾಡಿ ಹಾಡಿ ಅಳುವುದರಲ್ಲಿ ಅವಳಿಗೆ ಸಮನಿರಲಿಲ್ಲ. ಇವತ್ತು ಬೆಳಗಿನಿಂದ ಅವಳು ಒಂದು ಸಾಲೂ ಹಾಡಿರಲಿಲ್ಲ.

"ಯೋಳ್ಬುಡು ಬೆಟ್ಟಿ," ಎಂದಳು. "ಅಮ್ಮ ಬಂದವ್ಳಾ, ಇಲ್ವಾ?"

ಬೆಟ್ಟಮ್ಮ ಕೂಸಿನ ತೋಳಿನ ಮೇಲೆ ಕೂರಲು ಬಂದ ನೊಣ ಓಡಿಸಿದಳು.

"ಬಂದವ್ಳೆ ಅಂದ್ರೆ ನಾವ್ಯಾರೂ ಬಾಯ್ ಬುಡಂಗಿಲ್ಲ, ತಮಟೆಯೋರ್ನೂ ವಾಪಸ್ ಕಳುಸ್ಬೇಕು. ಬಂದಿಲ್ಲ ಅಂದ್ರೆ ಅದು ಬರೀ ಗೀರು. ಮಣ್ಣಾದ ಮ್ಯಾಲೆ ಕೂಸ್ನೂ ಕೂರುಸ್ಕೊಂಡು ಎಲ್ರಂಗೆ ತಲೆ ಮ್ಯಾಲೆ ನೀರ್ ಹುಯ್ಯಬೇಕು, ಸೂತಕ. ಎರಡ್ರಲ್ಲಿ ಒಂದು ಯೋಳು. ನಾನೂ ಎಷ್ಟೊತ್ತು ಅಂತ ಅಳು ಇಡ್ಕಳನೆ?"

ಸೋಮವಾರ ಬೆಳಿಗ್ಗೆ ಸಿದ್ದಯ್ಯ ಮೊಮ್ಮಗಳ ತೋಳಿಗೆ ದಾಕು ಹಾಕಿದ್ದ. ಸಿಡುಬು ಬಾರದಿರಲೆಂದು ಊರೂರು ಸುತ್ತಿ ದಾಕು ಹಾಕುವುದೇ ಅವನ ಸರ್ಕಾರಿ ಕೆಲಸ. ಹಾಕಿದ ಜಾಗ ಊದಿ ಬೊಕ್ಕೆ ಎದ್ದರೆ ಈ ಕಡೆಯವರು ತೋಳಿಗೆ ಅಮ್ಮ ಬಂದಳು ಎನ್ನುತ್ತಾರೆ. ಬೊಕ್ಕೆ ಒಣಗಿ ಹೆಕ್ಕಳೆ ಉದುರುವ ತನಕ ಆ ಮನೆಯಲ್ಲಿ ಒಗ್ಗರಣೆ ಇಲ್ಲ, ಮಗುವಿಗೆ ಸ್ನಾನವಿಲ್ಲ, ಅಳು ಇಲ್ಲ.

ಇವತ್ತು ಗುರುವಾರ. ತೋಳಿನ ಮೇಲೆ ಇರುವೆ ಕಚ್ಚಿದಷ್ಟು ಕೆಂಪು. ಅದು ಏಳುತ್ತಿರುವ ದಾಕೋ, ಆರುತ್ತಿರುವ ಸೂಜಿಯ ಗಾಯವೋ ನೋಡಿ ಹೇಳುವಂತಿರಲಿಲ್ಲ. ನೋಡಿ ಹೇಳಬಲ್ಲವನು ಜಗಲಿಯ ಮೇಲೆ ಗದ್ದ ಕಟ್ಟಿಕೊಂಡು ಕುಳಿತಿದ್ದ.

ಹೊರಗಿನಿಂದ ಪಕ್ಕದ ಮನೆಯ ಲಿಂಗಯ್ಯನ ದನಿ ಕೇಳಿಸಿತು. ಬಿದಿರು ಕಟ್ಟುತ್ತಲೇ ಪುಟ್ಟರಾಜುವಿಗೆ ಹೇಳುತ್ತಿದ್ದ: "ನಿಮ್ಮಪ್ಪ ನಮ್ ಮೊಮ್ಮಗೀಗೆ ಎರಡು ಕಿತಾ ಹಾಕ್ದ ಕಣ್ಲಾ. ಏಳ್ನೇ ಇಲ್ಲ. ಕಡೀಕೆ ಮದ್ದೂರಿಂದ ಬೇರೆಯೋನ್ ಬಂದು ಹಾಕ್ದ ಮ್ಯಾಲೇ ಎದ್ದಿದ್ದು. ಕೈ ಓಗ್ಬುಟ್ಟಿತ್ತು, ಪಾಪ."

"ಬುಡ್ ಮಾವ," ಎಂದ ಪುಟ್ಟರಾಜು. "ಹಗ್ಗ ಇಂಗ್ ಕೊಡು."

ಬೆಟ್ಟಮ್ಮನಿಗೂ ಕೇಳಿಸಿತು, ದೇವಿರಮ್ಮನಿಗೂ ಕೇಳಿಸಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಬಂದವ್ಳೆ," ಎಂದಳು ಬೆಟ್ಟಮ್ಮ.

ದೇವಿರಮ್ಮ ಬಾಗಿ ತೋಳನ್ನು ನೋಡಿದಳು. ಆಮೇಲೆ ತಮ್ಮನ ಮಗಳ ಮುಖವನ್ನು ಇನ್ನೂ ಹೆಚ್ಚು ಹೊತ್ತು ನೋಡಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಎರಡು ಸಲ ಉಸಿರೆಳೆದು, ತೆಗೆದು, ಹೊಸಿಲಲ್ಲಿ ನಿಂತು ಕೂಗಿದಳು.

"ಪುಟ್ಟಾ, ತಮಟೆಯೋರ್ಗೆ ಎಲೆಅಡ್ಕೆ ಕೊಟ್ಟು ಕಳುಸ್ಬುಡ್ಲಾ. ಅಮ್ಮ ಬಂದವ್ಳೆ."

*

ಬಹಳ ವರ್ಷಗಳ ಹಿಂದೆ ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಸಿದ್ದಯ್ಯ ಹಾಕಿದ ದಾಕು ಒಂದೂ ಏಳಲಿಲ್ಲ. ವಾರ ಬಿಟ್ಟು ಹೋಗಿ ನೋಡಿದರೆ ಮಕ್ಕಳ ತೋಳುಗಳೆಲ್ಲ ನುಣ್ಣಗಿದ್ದವು. ಮದ್ದು ಬಿಸಿಲಿಗೆ ಕೆಟ್ಟಿರಬೇಕೆಂದು ಹೊಸ ಮದ್ದು ತಂದು ಹಾಕಿದ. ಅದೂ ಏಳಲಿಲ್ಲ. ಮತ್ತೆ ಹಾಕಿ, ಊರಾಚೆ ದಾಟಿದ ಮೇಲೆ ಬೀಡಿಕಟ್ಟು ಮರೆತದ್ದು ನೆನಪಾಗಿ ಹಿಂದಿರುಗಿದ. ಓಣಿಯ ಅಜ್ಜಿಯರೆಲ್ಲ ಬೇವು ಅರಿಸಿನ ಕದಡಿದ ನೀರಿನ ಚೊಂಬು ಹಿಡಿದು ಮಕ್ಕಳ ತೋಳು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಚರ್ಮದೊಳಕ್ಕೆ ಇಳಿಯುವ ಮೊದಲೇ ಮದ್ದು ಚರಂಡಿ ಸೇರುತ್ತಿತ್ತು.

"ಯಾಕವ್ವಾ ಇಂಗ್ ಮಾಡ್ತೀರಿ?" ಎಂದ.

"ಅಮ್ಮ ಉರೀತಾ ಬತ್ತಾಳೆ ಕಣಪ್ಪ, ತಂಪು ಮಾಡ್ಬ್ಯಾಡ್ವಾ?" ಎಂದರು.

ಸಿದ್ದಯ್ಯ ಕೂಗಾಡಿದ. ಸರ್ಕಾರ, ಜೈಲು ಎಂದೆಲ್ಲ ಹೇಳಿದ. ಒಬ್ಬಾಕೆ ಅದೇ ಚೊಂಬಿನ ನೀರನ್ನು ಅವನ ಮೇಲೆ ಎರಚಿ, ಮೊದಲು ನೀನು ತಣ್ಣಗಾಗು ಎಂದಳು.

ಹಳದಿ ಅಂಗಿಯಲ್ಲಿ ಮನೆಗೆ ಬಂದ ತಮ್ಮನನ್ನು ಕಂಡು ದೇವಿರಮ್ಮ ಬೀಸುವ ಕಲ್ಲು ಬಿಟ್ಟು ನಕ್ಕಳು. ಎಲ್ಲ ಕೇಳಿದ ಮೇಲೆ ಅಂದಳು: "ಅವ್ರ್ ಮಾಡೋದ್ರಲ್ಲಿ ಏನ್ಲಾ ತಪ್ಪು? ಮಾಡೋ ಒತ್ತು ತಪ್ಪು ಅಷ್ಟೇಯ. ನೆಂಟ್ರು ಬಂದ್ರೆ ಬಾಗ್ಲಲ್ಲಿ ಕಾಲಿಗ್ ನೀರ್ ಕೊಡ್ತೀವಿ. ಒಳಕ್ ಬಂದು ಚಾಪೆ ಮ್ಯಾಲೆ ಕುಂತ್ಮ್ಯಾಲೆ ತಲೆ ಮ್ಯಾಲೆ ಹುಯ್ತೀವಾ? ತೊಳ್ಯೋದ್ ಮೊದ್ಲೇ ತೊಳ್ಕಳ್ಳಿ ಅನ್ನು. ಅಮ್ಮ ಒಳಕ್ ಬಂದ್ಮ್ಯಾಲೆ ಅವಳ ಪಾಡಿಗ್ ಅವಳ್ನ ಬುಡಿ ಅನ್ನು."

ಸಿದ್ದಯ್ಯ ಅದನ್ನೇ ಊರೂರಿಗೆ ಹೊತ್ತ. ಮೊದಲು ಬರಿಯ ನೀರಿನಲ್ಲಿ ತೋಳು ತೊಳೆಸಿ ಒಣಗಲು ಬಿಡುವನು. ಹಾಕಿದ ಮೇಲೆ ಮದ್ದು ತಾನಾಗಿ ಒಣಗುವ ತನಕ ಅವರ ಜಗಲಿಯಲ್ಲೇ ಕುಳಿತು ಮಜ್ಜಿಗೆ ಕೇಳುವನು, ಮಳೆ ಬೆಳೆ ವಿಚಾರಿಸುವನು, ಚೊಂಬು ಹಿಡಿದು ಬಂದ ಅಜ್ಜಿಯರನ್ನು ಮಾತಿಗೆ ಹಿಡಿಯುವನು. ದಾಕು ಎದ್ದವು. ಅಳಬಾರದು ಎನ್ನುವುದನ್ನು ಮಾತ್ರ ಅವನೇ ಸೇರಿಸಿದ್ದು. ತಾಯಿ ಅತ್ತರೆ ಮಗು ಅಳುತ್ತದೆ, ಮಗು ಅತ್ತರೆ ತೋಳು ಉಜ್ಜಿಕೊಳ್ಳುತ್ತದೆ. ಹಾಗೆಂದು ಹೇಳಿದರೆ ಯಾರು ಕೇಳುತ್ತಾರೆ? ಅಳು ಕೇಳಿದರೆ ಅಮ್ಮ ಎದ್ದು ಹೊರಟುಬಿಡುತ್ತಾಳೆ ಎಂದ. ಎಲ್ಲರೂ ಕೇಳಿದರು.

*

ನಿಡಘಟ್ಟದ ನೆಂಟರು ಬಸ್ಸಿಳಿದು, ಓಣಿಯ ತಿರುವಿನಲ್ಲೇ ಪದ್ಧತಿಯಂತೆ ಎದೆ ಬಡಿದುಕೊಂಡು ದನಿ ತೆಗೆದರು. ದೇವಿರಮ್ಮ ಮುದಿಕಾಲು ಎಳೆದುಕೊಂಡು ಓಡಿ, ಬಾಯಿಗೆ ಬೆರಳಿಟ್ಟು, ಮುಂದಿದ್ದವಳ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿಯೇಬಿಟ್ಟಳು.

"ಶ್... ಕೂಸ್ಗೆ ಅಮ್ಮ ಬಂದವ್ಳೆ."

"ಅಯ್ಯೋ ತೆಗ್ಯೇ ಕೈಯ! ಇದೇನ್ ಸಾವಿನ್ ಮನೆನೋ ಇಸ್ಕೂಲೋ?"

"ಇಸ್ಕೂಲೇ ಅಂದ್ಕೊ. ಕೈಕಟ್ಕೊಂಡ್ ಕುಂತ್ಕೊ ಓಗು."

ಹಾಗೆ ಅವರೆಲ್ಲ ಬಂದು ಸಿದ್ದಯ್ಯನ ಮುಂದೆ ಸಾಲಾಗಿ ಕುಳಿತರು. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಅಳುವ ಮನೆಯಲ್ಲಿ ಸತ್ತವನ ಮುಖವನ್ನು ಅಷ್ಟು ಹೊತ್ತು ಯಾರೂ ನೋಡುವುದಿಲ್ಲ; ಅಳುವುದೇ ಕೆಲಸವಾಗುತ್ತದೆ. ಇಲ್ಲಿ ನೋಡಲೇಬೇಕಾಯಿತು. ಒಬ್ಬಾಕೆ ಮೆಲ್ಲಗೆ, "ಕಿವಿ ಎಷ್ಟ್ ದೊಡ್ಡದಿತ್ತಲ್ವಾ," ಎಂದಳು. ಇನ್ನೊಬ್ಬಳು ತನ್ನ ಎಡ ರವಿಕೆತೋಳನ್ನು ಮೇಲೆತ್ತಿ, "ನಂದು ಇವಣ್ಣನೇ ಹಾಕಿದ್ದು," ಎಂದು ಹಳೆಯ ಬಿಲ್ಲೆಯಂತಹ ಕಲೆ ತೋರಿಸಿದಳು. ಪಕ್ಕದವಳೂ ತೋಳೆತ್ತಿದಳು. "ಹುಯ್ಯೋ ಅಂತ ರಕ್ತ ಬರ್ಸಿದ್ದ, ನನ್ ಮುಂಡೇಮಗ," ಎಂದು ನಕ್ಕು, ನಕ್ಕಿದ್ದಕ್ಕೆ ನಾಚಿ, ಕಣ್ಣೊರೆಸಿಕೊಂಡಳು.

ಬೆಟ್ಟಮ್ಮ ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದಳು. ತಾನು ಸುಳ್ಳು ಹೇಳಿದ್ದೇನೆಯೇ? ಗೊತ್ತಿರಲಿಲ್ಲ. ಬಂದಿಲ್ಲ ಎಂದುಬಿಟ್ಟಿದ್ದರೆ ಈಗ ಅತ್ತೆ ಹಾಡುತ್ತಿದ್ದಳು, ತಮಟೆ ಬಡಿಯುತ್ತಿತ್ತು, ತಾನೂ ಅಪ್ಪನ ಕಾಲ ಮೇಲೆ ಬಿದ್ದು ಅಳಬಹುದಿತ್ತು. ಆದರೆ ಬಂದಿಲ್ಲ ಎನ್ನುವುದನ್ನು ಅಪ್ಪ ಕೇಳಿಸಿಕೊಳ್ಳುವಷ್ಟು ಹತ್ತಿರ ಕುಳಿತಿದ್ದ.

*

ರಕ್ತ ಬರಿಸುತ್ತಿದ್ದದ್ದು ನಿಜ. ಆಗ ಸಿದ್ದಯ್ಯನ ಕೈಯಲ್ಲಿದ್ದದ್ದು ಸುತ್ತ ಹಲ್ಲಿದ್ದ ಒಂದು ಬಿಲ್ಲೆ. ತೋಳಿನ ಮೇಲಿಟ್ಟು ತಿರುಪಿದರೆ ಮಗು ಊರಿಗೇ ಕೇಳುವಂತೆ ಕಿರುಚುತ್ತಿತ್ತು. ರಕ್ತ ಕಂಡರೆ ಮದ್ದು ಒಳಗೆ ಹೋಯಿತೆಂದು ಅವನ ನಂಬಿಕೆ. ಮಂಡ್ಯದಿಂದ ಮೇಲ್ವಿಚಾರಕ ಕಸ್ತೂರಿರಂಗ ಹೊಸ ಸೂಜಿ ತಂದ, ತುದಿಯಲ್ಲಿ ಕವಲೊಡೆದ ಚಿಕ್ಕ ಸೂಜಿ. ಕವಲಿನ ನಡುವೆ ಒಂದು ತೊಟ್ಟು ಮದ್ದು ನಿಲ್ಲುತ್ತಿತ್ತು.

"ಮೇಲಿಂದ ಮೇಲೆ ಚುಚ್ಚಬೇಕು, ಸಿದ್ದಯ್ಯ. ಚರ್ಮದೊಳಗೆ ಹೋಗಬೇಕು, ಚರ್ಮ ದಾಟಬಾರದು. ನೀನು ರಕ್ತ ಹರಿಸಿದರೆ ಅದು ಮದ್ದನ್ನೇ ಹೊರಗೆ ತಳ್ಳಿಬಿಡುತ್ತೆ."

"ಚರ್ಮದೊಳೀಕೆ, ಆದ್ರೆ ಚರ್ಮ ದಾಟ್ದಂಗೆ! ಮಕ್ಳ ಚರ್ಮ ಏನ್ ಗೋಡೆಯಾ ಸ್ವಾಮಿ, ನಡ್ವೆ ನಿಂತ್ಕಳಕೆ?"

"ಬದನೆಕಾಯಿ ಅಂದ್ಕೊ. ಸಿಪ್ಪೆ ಒದ್ದೆಯಾಗಬೇಕು, ಬೀಜಕ್ಕೆ ಮುಟ್ಟಬಾರದು."

ಹಾಸ್ಯಕ್ಕೆ ಹೇಳಿದ್ದನ್ನು ಸಿದ್ದಯ್ಯ ಹಾಸ್ಯವೆಂದು ತಿಳಿಯಲಿಲ್ಲ. ಹಿತ್ತಲಿನ ಬದನೆಕಾಯಿಗಳನ್ನೆಲ್ಲ ಕಿತ್ತು ಮುಂದಿಟ್ಟುಕೊಂಡು ಕುಳಿತ. ಚುಚ್ಚಿದ್ದನ್ನು ಬೆಟ್ಟಮ್ಮ ಈಳಿಗೆಮಣೆಯಲ್ಲಿ ಹೆಚ್ಚಿ ಒಳಗೆ ನೋಡಿ ಹೇಳಬೇಕು. "ಇದು ಆಳಕ್ಕೋಯ್ತು ಅಪ್ಪಯ್ಯ." "ಇದು ಮ್ಯಾಲೇ ಜಾರ್ತು." ಒಂದು ಸಂಜೆ ಅವಳು ಹೆಚ್ಚಿದ ಕಾಯಿಗಳೆಲ್ಲ ಸರಿಯಾಗಿದ್ದವು. ಅವಳು ಏನೂ ಹೇಳದೆ ಎಲ್ಲವನ್ನೂ ಬಾಣಲೆಗೆ ಹಾಕಿದಳು. ಸಿದ್ದಯ್ಯ ಅವಳ ಬೆನ್ನನ್ನೇ ನೋಡುತ್ತಿದ್ದು, ಅರ್ಥವಾಗಿ, ಹೊರಗೆ ಹೋಗಿ ಬೀಡಿ ಹಚ್ಚಿದ. ಪುಟ್ಟರಾಜು ಮಾತ್ರ ಊಟಕ್ಕೆ ಕುಳಿತಾಗೆಲ್ಲ ಹೇಳುತ್ತಿದ್ದ: "ಈ ಬದ್ನೆಕಾಯ್ಗೆ ಇನ್ ಜನ್ಮದಲ್ಲಿ ಸಿಡುಬು ಬರಕಿಲ್ಲ ಬುಡಪ್ಪ."

*

ಮಧ್ಯಾಹ್ನ ಅವನನ್ನು ಎತ್ತಿದರು. ತಮಟೆಯಿಲ್ಲ, ಅಳುವಿಲ್ಲ. ಹೊತ್ತವರ ಕಾಲಸಪ್ಪಳ, ಚಟ್ಟದ ಕಿರುಗುಟ್ಟುವಿಕೆ, ಕಬ್ಬಿನ ಗದ್ದೆಯಲ್ಲಿ ನೀರು ಹರಿಯುವ ಸದ್ದು. ದಾರಿಯಲ್ಲಿ ಎದುರಾದ ಎತ್ತಿನ ಗಾಡಿಯವನು ಸಾವೆಂದು ತಿಳಿಯದೆ "ಏನ್ರಪ್ಪಾ ಅದು ಒರೆ?" ಎಂದು ಕೇಳಿ, ಮುಖ ಕಂಡು, ಗಾಡಿಯಿಂದ ಇಳಿದು ನಿಂತ.

ಬೆಟ್ಟಮ್ಮ ಕೂಸನ್ನೆತ್ತಿಕೊಂಡು ಊರ ಕೊನೆಯವರೆಗೆ ಬಂದಳು. ತನ್ನ ಸೆರಗನ್ನು ತೋಳಿಗೆ ತಾಗದಂತೆ ಚಪ್ಪರದ ಹಾಗೆ ಹಿಡಿದಿದ್ದಳು. ಹಿಂದಿರುಗುವಾಗ ದೇವಿರಮ್ಮ ಕಾಣಲಿಲ್ಲ. ಹುಡುಕಿದರೆ ದೂರದಲ್ಲಿ, ಊರಿಗೆ ಸದ್ದು ಮುಟ್ಟದಷ್ಟು ದೂರದಲ್ಲಿ, ಕಬ್ಬಿನ ಗದ್ದೆಯ ನಡುವಿನ ಬದುವಿನ ಮೇಲೆ ಕುಳಿತಿದ್ದಳು. ಗಾಳಿ ಅತ್ತ ಬೀಸುತ್ತಿತ್ತು. ಹಾಡು ಕೇಳಿಸಲಿಲ್ಲ. ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದ ಬಿಳಿಯ ತಲೆ, ಎದ್ದು ಎದೆಗೆ ಬೀಳುತ್ತಿದ್ದ ಕೈ ಮಾತ್ರ ಕಂಡವು.

*

ಹೋದ ಮಳೆಗಾಲದಿಂದ ಸಿದ್ದಯ್ಯನ ಬಲಗೈ ನಡುಗುತ್ತಿತ್ತು. ಅವನು ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಒಂದೊಂದು ಊರಿನಲ್ಲಿ ಅವನು ಬಂದರೆ ಮಕ್ಕಳನ್ನು ಒಳಗೆ ಕಳಿಸಿ, ಇವತ್ತು ಬೇಡ, ಜ್ವರ ಎನ್ನುತ್ತಿದ್ದರು.

ಬಾಣಂತನಕ್ಕೆ ಬಂದಿದ್ದ ಬೆಟ್ಟಮ್ಮನನ್ನು ಗಂಡ ಮಂಡ್ಯದ ವಿ.ಸಿ. ಫಾರಂನಿಂದ ಬಂದು ಕರೆದೊಯ್ಯುವ ಮೊದಲು ಕೂಸಿಗೆ ದಾಕು ಆಗಬೇಕಿತ್ತು. ಸೋಮವಾರ ಬೆಳಿಗ್ಗೆ ಸಿದ್ದಯ್ಯ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಕುಳಿತ. ಎಡಗೈಯಲ್ಲಿ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ. ತೋಳು ಹಿಡಿದಿದ್ದ ಬೆಟ್ಟಮ್ಮನಿಗೆ ಸೂಜಿಯ ತುದಿ ಒಮ್ಮೆ ಚರ್ಮಕ್ಕೆ ತಾಗಿ, ಒಮ್ಮೆ ಗಾಳಿಗೆ ತಾಗಿ ಹೋಗುವುದು ಕಾಣುತ್ತಿತ್ತು. ಆಳಕ್ಕೆ ಹೋಯಿತೇ, ಮೇಲೇ ಜಾರಿತೇ? ಹೆಚ್ಚಿ ನೋಡುವಂತಿರಲಿಲ್ಲ.

"ಬದ್ನೆಕಾಯಿಗಿಂತ ಮೆತ್ತಗದೆ," ಎಂದ ಸಿದ್ದಯ್ಯ. ಅವನ ಹಣೆಯ ಮೇಲೆ ಬೆವರಿತ್ತು.

ಮದ್ದು ಒಣಗುವ ತನಕ, ಅನ್ಯರ ಜಗಲಿಯಲ್ಲಿ ಕೂರುವಂತೆ ತನ್ನ ಜಗಲಿಯಲ್ಲೇ ಕುಳಿತು ಮಗಳನ್ನು ಮಜ್ಜಿಗೆ ಕೇಳಿದ. ಮಾರನೆಯ ದಿನ ಕೂಸನ್ನು ಬೆಳಕಿಗೆ ಹಿಡಿಸಿ ನೋಡಿದ. ಬುಧವಾರವೂ ನೋಡಿದ.

"ಈ ಕೆಂಪು ಸೂಜೀದೂ ಆಗ್ಬೋದು, ಅಮ್ಮಂದೂ ಆಗ್ಬೋದು. ಸೂಜೀದಾದ್ರೆ ಆರೋಯ್ತದೆ. ಅಮ್ಮಂದಾದ್ರೆ ಗಂಟು ಕಟ್ತದೆ." ಅಂಗಿಯ ತೋಳನ್ನು ಮೆಲ್ಲಗೆ ಇಳಿಸಿ, "ಇದೊಂದು ಎದ್ಬುಡ್ಲಿ ಕಣ್ ಮಗ. ಆಮ್ಯಾಕೆ ನಾನು ಸೂಜಿ ಮುಟ್ಟಕಿಲ್ಲ," ಎಂದ.

ಇವತ್ತು ಬೆಳಿಗ್ಗೆ ಜಗಲಿಯ ಮೇಲೆ ಕುಳಿತು, ಬಿಸಿಲು ಬಂತು, ಕೂಸನ್ನು ತಾ ಎಂದು ಕೂಗಿದ್ದ. ಅವಳು ಬಟ್ಟೆ ಬದಲಿಸಿ ಎತ್ತಿಕೊಂಡು ಬರುವಷ್ಟರಲ್ಲಿ ಕಂಬಕ್ಕೆ ಒರಗಿದ್ದ. ಕಣ್ಣು ಬಾಗಿಲ ಕಡೆಗೇ ಇತ್ತು. ಎದೆ ನೋವೆಂದೂ ಹೇಳಿರಲಿಲ್ಲ.

*

ಮಣ್ಣಿಗೆ ಹೋದವರು ಮಿಂದು ಬಂದು, ಸಿದ್ದಯ್ಯ ಕುಳಿತಿದ್ದ ಜಾಗದಲ್ಲಿ ಹಚ್ಚಿದ್ದ ದೀಪ ನೋಡಿ ಒಬ್ಬೊಬ್ಬರಾಗಿ ಹೊರಡುತ್ತಿದ್ದಾಗ ಕಸ್ತೂರಿರಂಗನ ಸ್ಕೂಟರು ಬಂತು. ಸುದ್ದಿ ಅವನಿಗೆ ತಡವಾಗಿ ಮುಟ್ಟಿತ್ತು. ಜಗಲಿಯ ಅಂಚಿನಲ್ಲಿ ಕುಳಿತು ಕನ್ನಡಕ ತೆಗೆದ. ಅವನ ಗದ್ದ ಅದುರಿತು.

"ಸ್ವಾಮಿ, ಅಳಂಗಿಲ್ಲ," ಎಂದಳು ದೇವಿರಮ್ಮ. ಅವಳ ದನಿ ಒಡೆದುಹೋಗಿತ್ತು.

"ಗೊತ್ತಮ್ಮ. ನಮ್ಮ ಸಿದ್ದಯ್ಯನ ಕಾನೂನು."

"ಅರ್ಧ ನಂದೂ ಅದೆ."

ಅವನು ನಗಲು ಪ್ರಯತ್ನಿಸಿ, ಕೂಸನ್ನು ನೋಡಬಹುದೇ ಎಂದು ಕೇಳಿದ. ಬೆಟ್ಟಮ್ಮ ತಂದಳು. ಅವನು ಮುಟ್ಟಲಿಲ್ಲ. ಕನ್ನಡಕ ಹಾಕಿಕೊಂಡು ಬಾಗಿ, ಸಂಜೆಯ ಬಿಸಿಲಿಗೆ ಒಮ್ಮೆ, ನೆರಳಿಗೆ ಒಮ್ಮೆ ತಿರುಗಿಸಲು ಹೇಳಿ ನೋಡಿದ.

"ಯಾವತ್ತು ಹಾಕಿದ್ದು?"

"ಸೋಮವಾರ."

"ಗಂಟು ಕಟ್ಟಿರೋ ಹಾಗೂ ಇದೆ, ಇಲ್ಲದ ಹಾಗೂ ಇದೆ. ಭಾನುವಾರದವರೆಗೆ ಏನೂ ಹೇಳೋಕಾಗಲ್ಲಮ್ಮ." ತಡೆದು ಹೇಳಿದ, "ಈಚೆಗೆ ಅವನು ಹಾಕಿದ್ದು ಬಹಳ ಕಡೆ ಎದ್ದಿಲ್ಲ. ನಿಂಗೂ ಗೊತ್ತಿರಬೇಕು."

"ಗೊತ್ತು."

"ನನ್ನನ್ನ ಬಿಹಾರದ ಕಡೆ ಹಾಕಿದ್ದಾರೆ. ಅಲ್ಲಿ ಸಿಡುಬು ಇನ್ನೂ ಹೋಗಿಲ್ಲ. ನಾಳೆ ಹೊರಡಬೇಕು. ಇಲ್ಲಿಗೆ ಬೇರೆಯವರು ಯಾವಾಗ ಬರ್ತಾರೋ ಗೊತ್ತಿಲ್ಲ. ಫ್ಲಾಸ್ಕಿನಲ್ಲಿ ಮದ್ದಿದೆ. ಈಗಲೇ ಹಾಕಿಬಿಡ್ತೀನಿ."

"ಏಳ್ದಿದ್ರೆ ನಾನೇ ಮದ್ದೂರ್ ಆಸ್ಪತ್ರೆಗೆ ಎತ್ಕೊಂಡೋಯ್ತೀನಿ. ಸೋಮವಾರಾನೇ ಓಯ್ತೀನಿ."

"ಸೂತಕದ ಮನೆ ಬುಟ್ಟು ಎಲ್ಲವ್ವ ಓಯ್ತೀಯ?" ಎಂದ, ಹೊರಡಲು ನಿಂತಿದ್ದ ಲಿಂಗಯ್ಯ. "ಸಾಯೇಬ್ರು ಮನೆ ಬಾಗ್ಲಿಗ್ ಬಂದವ್ರೆ. ಆಕುಸ್ಬುಡು."

ಪುಟ್ಟರಾಜು ತಂಗಿಯ ಪಕ್ಕದಲ್ಲಿ ಬಂದು ನಿಂತ. ಅಪ್ಪನಿಗೆ ಮಣ್ಣು ಕೊಟ್ಟು ಬಂದ ಕೈ ಇನ್ನೂ ಒದ್ದೆಯಾಗಿತ್ತು. "ಮಗೀಗೆ ಒಳ್ಳೇದಲ್ವಾ ಬೆಟ್ಟಿ," ಎಂದ ಮೆಲ್ಲಗೆ. ದೇವಿರಮ್ಮ ದೀಪಕ್ಕೆ ಎಣ್ಣೆ ಬಿಡುತ್ತಾ ಕಿವಿಯನ್ನು ಇತ್ತಲೇ ಇಟ್ಟಿದ್ದಳು.

ಕಸ್ತೂರಿರಂಗ ಸ್ಕೂಟರಿನಿಂದ ಫ್ಲಾಸ್ಕು ತಂದು ಮುಚ್ಚಳ ತಿರುವಿದ. ಒಳಗೆ ಮಂಜುಗಡ್ಡೆ ಕದಲಿ ಸದ್ದಾಯಿತು. ಅವನು ಕೆಟ್ಟವನಲ್ಲ. ಎಷ್ಟೋ ಊರುಗಳನ್ನು ಸಿದ್ದಯ್ಯನ ಜೊತೆ ಸುತ್ತಿದವನು, ಆ ಮನೆಯ ಬದನೆಕಾಯಿ ಪಲ್ಯ ತಿಂದವನು. ಬೆಟ್ಟಮ್ಮನ ಮುಖ ನೋಡಿ ಅವನಿಗೆ ಏನೋ ಹೊಳೆಯಿತು. ಇತರರಿಗೆ ಕೇಳಿಸದಂತೆ ದನಿ ತಗ್ಗಿಸಿದ.

"ಆ ತೋಳಿಗೇ ಹಾಕ್ತೀನಮ್ಮ. ಅವನು ಹಾಕಿರೋ ಜಾಗದ ಪಕ್ಕದಲ್ಲೇ, ಒತ್ತಾಗಿ. ಎದ್ದರೆ ಎರಡೂ ಸೇರಿ ಒಂದೇ ಕಲೆ ಆಗುತ್ತೆ. ಯಾರದು ಎದ್ದಿತು ಅಂತ ಯಾರೂ ಹೇಳೋಕಾಗಲ್ಲ. ನಿಮ್ಮಪ್ಪಂದೇ ಅಂತ ನೀನು ಹೇಳು. ನಾನೂ ಹಾಗೇ ಹೇಳ್ತೀನಿ."

ಕೂಸು ಅವಳ ಕತ್ತಿನ ಸರಕ್ಕೆ ಕೈ ಹಾಕಿ ಎಳೆಯುತ್ತಿತ್ತು. ಬೆಟ್ಟಮ್ಮ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬ್ಯಾಡ," ಎಂದಳು. "ಆಮ್ಯಾಕೆ ಯಾರ್ದು ಎದ್ದಿದ್ದು ಅಂತ ನಂಗೂ ಗೊತ್ತಾಗಕಿಲ್ಲ."